ವೆಬ್ ಪುಟ ಬರೆಯೋಕೆ ಯಾವ ಎಡಿಟರ್? ಮೊದಲು ನಿಮ್ಮ ಮಷೀನ್ ನೋಡಿ

"ಅಣ್ಣಾ, ಒಂದು ವೆಬ್ ಪೇಜ್ ಮಾಡ್ಬೇಕಂತ ಮಾಡೀನ್ರಿ. ಯಾವ ಎಡಿಟರ್ ಹಾಕ್ಕೊಳ್ಳಲಿ?"

ಮಾನ್ವಿ ಕಡೆಯ ಪದವಿ ವಿದ್ಯಾರ್ಥಿಯೊಬ್ಬ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಅವರ ಹೊಲ ಇರೋದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ. 104ನೇ ಮೈಲ್‌ನಲ್ಲಿ ಇವತ್ತು ಗೇಜ್ ಎಷ್ಟಿದೆ ಅನ್ನೋದನ್ನ ದಿನಾ ಒಂದು ಪುಟದಲ್ಲಿ, ಕನ್ನಡದಲ್ಲಿ ಹಾಕ್ಬೇಕು ಅನ್ನೋದು ಅವನ ಆಸೆ. ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದು ಸಂಜೆ ಹೊತ್ತಿಗೆ ಗುಡ್ ಮಾರ್ನಿಂಗ್ ಫೋಟೋಗಳ ಕೆಳಗೆ ಮುಚ್ಚಿಹೋಗ್ತದೆ. ಕಳೆದ ವಾರ ಎಷ್ಟಿತ್ತು, ಯಾವ ದಿನ ಇಳೀತು ಅಂತ ಅಧಿಕಾರಿಗಳ ಮುಂದೆ ತೋರಿಸೋಕೆ ದಾಖಲೆ ಇರಲ್ಲ. ಅದಕ್ಕೇ ಪುಟ ಬೇಕು.

ನಾನು ಅಭ್ಯಾಸಬಲದಿಂದ "ವಿಎಸ್ ಕೋಡ್ ಹಾಕ್ಕೊ" ಅಂದೆ. ಮರುದಿನ ಮತ್ತೆ ಫೋನ್. ಅವನು ಕೂತಿದ್ದ ಕಂಪ್ಯೂಟರ್ ಸೆಂಟರಿನ ಮಷೀನ್‌ನಲ್ಲಿ ವಿಂಡೋಸ್ 7, ರ‍್ಯಾಮ್ 2 ಜಿಬಿ. ಇನ್‌ಸ್ಟಾಲೇ ಆಗ್ತಿಲ್ಲ. ತಪ್ಪು ಅವನದಲ್ಲ, ಮಷೀನಿನದೂ ಅಲ್ಲ. ಮಷೀನ್ ಯಾವುದು ಅಂತ ಕೇಳದೇ ಉತ್ತರ ಕೊಟ್ಟ ನನ್ನದು.

"ಅತ್ಯುತ್ತಮ ಎಡಿಟರ್" ಅಂತ ಹುಡುಕಿದರೆ ಸಿಗೋ ಪಟ್ಟಿಗಳೆಲ್ಲ ಇದೇ ತಪ್ಪು ಮಾಡ್ತವೆ. ಹೊಸ ಲ್ಯಾಪ್‌ಟಾಪ್, ನಿಲ್ಲದ ಕರೆಂಟ್, ಓಡೋ ಇಂಟರ್ನೆಟ್, ಇಂಗ್ಲಿಷ್ ಓದೋ ಕಣ್ಣು ಇವೆಲ್ಲ ಇದ್ದೇ ಇರ್ತವೆ ಅಂತ ಅಂದುಕೊಂಡು ಬರೆದಿರ್ತಾರೆ. ಕಾಲುವೆ ತಲೆಯಲ್ಲಿ ಇರೋರಿಗೆ ಬರೆದ ಸಲಹೆ ಅದು. ಕೊನೆ ಭಾಗದವರಿಗೆ ಬೇರೆ ಲೆಕ್ಕ ಬೇಕು. ಈ ಲೇಖನ ಆ ಲೆಕ್ಕ. ಉಳಿಸಿಟ್ಟುಕೊಳ್ಳಿ, ಬೇಕಾದಾಗ ತೆಗೆದು ನೋಡಿ.

ಇದೇನು ರಾಜಕೀಯದ ವಿಷಯವೇ?

ಹೌದು. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದ ತಾಲೂಕುಗಳು ಅಂತ ಗುರುತಿಸಿದ 39ರಲ್ಲಿ ದೇವದುರ್ಗ, ಮಾನ್ವಿ ಎರಡೂ ಇದ್ದವು. ಸಂವಿಧಾನಕ್ಕೆ 371(ಜೆ) ಬಂತು, ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕ ಆಯ್ತು, ಅದೇ ವರ್ಷ ರಾಯಚೂರಿನ ಹೆಸರಲ್ಲಿ ಐಐಐಟಿಯೂ ಶುರುವಾಯ್ತು. ಆದರೆ ನಮ್ಮ ಜಿಲ್ಲೆ ಬಗ್ಗೆ ಇಂಟರ್ನೆಟ್‌ನಲ್ಲಿ ಏನಿದೆ ಅಂತ ಹುಡುಕಿ ನೋಡಿ. ಬರೆದವರು ಬಹುತೇಕ ಹೊರಗಿನವರು. ನಮ್ಮ ಊರಿನ ಗೇಜ್, ನಮ್ಮ ಊರಿನ ನರೇಗಾ ಕೂಲಿ, ನಮ್ಮ ಹಾಸ್ಟೆಲಿನ ನೀರು ಇವುಗಳ ಬಗ್ಗೆ ನಾವೇ ಬರೆದ, ನಮ್ಮ ಕೈಲೇ ಇರೋ ಪುಟಗಳು ಬಹಳ ಕಡಿಮೆ.

ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ನಲ್ಲಿ ಬರೀತೀವಲ್ಲ ಅನ್ನಬಹುದು. ಅಲ್ಲಿ ಯಾವುದು ಯಾರಿಗೆ ಕಾಣಬೇಕು, ಎಷ್ಟು ದಿನ ಇರಬೇಕು ಅನ್ನೋದು ಅವರ ಕೈಲಿದೆ. ಸ್ವಂತ ಎಚ್‌ಟಿಎಂಎಲ್ ಫೈಲ್ ನಿಮ್ಮದು. ಒಂದು ಜಾಗದಲ್ಲಿ ತೆಗೆದುಹಾಕಿದರೆ ಇನ್ನೊಂದು ಜಾಗದಲ್ಲಿ ಏರಿಸಬಹುದು. ಆ ಫೈಲ್ ಬರೆಯೋ ಸಾಧನವೇ ಎಡಿಟರ್.

ಎಡಿಟರ್ ಅಂದ್ರೆ ಏನು, ಏನಲ್ಲ

ವೆಬ್ ಪುಟ ಅಂದ್ರೆ ಸಾದಾ ಪಠ್ಯ. ಎಚ್‌ಟಿಎಂಎಲ್ ಪುಟದ ರಚನೆ ಹೇಳ್ತದೆ, ಸಿಎಸ್‌ಎಸ್ ಅಂದ ಹೇಳ್ತದೆ, ಜಾವಾಸ್ಕ್ರಿಪ್ಟ್ ಲೆಕ್ಕ-ಚಲನೆ ನೋಡ್ಕೊಳ್ತದೆ. ಮೂರೂ ಬರಿ ಅಕ್ಷರಗಳೇ. ಆ ಅಕ್ಷರಗಳನ್ನ ಹೆಚ್ಚು-ಕಡಿಮೆ ಮಾಡದೇ ಉಳಿಸಿಕೊಡೋದು ಎಡಿಟರಿನ ಮೊದಲ ಕೆಲಸ. ಟ್ಯಾಗ್‌ಗಳಿಗೆ ಬಣ್ಣ ಹಚ್ಚಿ ತೋರಿಸೋದು, ಮುಚ್ಚದ ಟ್ಯಾಗ್ ಹಿಡಿದು ಕೊಡೋದು, ಹತ್ತು ಫೈಲ್‌ನಲ್ಲಿ ಒಂದು ಪದ ಹುಡುಕೋದು ಆಮೇಲಿನ ಅನುಕೂಲಗಳು.

ವರ್ಡ್ ಇದಕ್ಕೆ ಆಗಲ್ಲ. ಅದು ನೀವು ಬರೆದ ಪಠ್ಯದ ಜೊತೆ ತನ್ನದೇ ಅಲಂಕಾರವನ್ನ ತುಂಬ್ತದೆ, ನೇರ ಉದ್ಧರಣ ಚಿಹ್ನೆಯನ್ನ ಬಾಗಿದ ಚಿಹ್ನೆ ಮಾಡ್ತದೆ. ಆ ಒಂದು ಬಾಗಿದ ಚಿಹ್ನೆಗೆ ಕೋಡ್ ಕೆಟ್ಟು, ಎರಡು ತಾಸು ತಲೆ ಕೆಡಿಸಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಎಳೆದು-ಬಿಟ್ಟು ಪುಟ ಮಾಡೋ ವೆಬ್‌ಸೈಟ್ ಬಿಲ್ಡರ್‌ಗಳು ಇನ್ನೊಂದು ಜಾತಿ. ಬೇಗ ಆಗ್ತದೆ ನಿಜ. ಆದರೆ ಪುಟ ಭಾರ ಆಗ್ತದೆ, ಎಷ್ಟೋ ಸಲ ನಿಮ್ಮ ಕೆಲಸ ಆ ಕಂಪನಿಯ ಒಳಗೇ ಸಿಕ್ಕಿಕೊಳ್ತದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತ 3 ಬೈಟ್ ಹಿಡಿಯುತ್ತದೆ. ಸಾವಿರ ಪದದ ಕನ್ನಡ ಲೇಖನ ಅಂದಾಜು 25 ಕೆಬಿ ಅಷ್ಟೇ. ಫೋನಿನಲ್ಲಿ ತೆಗೆದ 3 ಎಂಬಿ ಫೋಟೋ ಒಂದರ ಜಾಗದಲ್ಲಿ ಇಂಥ ನೂರಕ್ಕೂ ಹೆಚ್ಚು ಲೇಖನ ಹಿಡಿಸ್ತವೆ. ಕೈಯಿಂದ ಬರೆದ ಪುಟ ಹೊಲದ ಬದುವಿನ ಮೇಲೆ, ಒಂದೇ ಗೆರೆ ಸಿಗ್ನಲ್‌ನಲ್ಲೂ ತೆರೆದುಕೊಳ್ಳೋದು ಇದಕ್ಕೇ.

ಮೊದಲ ಹೆಜ್ಜೆ: ಮಷೀನ್ ಪರೀಕ್ಷೆ

ಎಡಿಟರ್ ಹೆಸರು ಕೇಳೋಕೆ ಮುಂಚೆ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ.

1. ಯಾವ ಆಪರೇಟಿಂಗ್ ಸಿಸ್ಟಮ್? ವಿಂಡೋಸ್ 7, 10, 11, ಲಿನಕ್ಸ್, ಇಲ್ಲಾ ಬರೀ ಆಂಡ್ರಾಯ್ಡ್ ಫೋನಾ?
2. ರ‍್ಯಾಮ್ ಎಷ್ಟು? 2 ಜಿಬಿ, 4 ಜಿಬಿ, 8 ಜಿಬಿ?
3. 32 ಬಿಟ್ಟೋ 64 ಬಿಟ್ಟೋ?
4. ಮಷೀನ್ ನಿಮ್ಮದಾ, ಸೆಂಟರಿನದಾ? ಅಂದ್ರೆ ಹೊಸ ಸಾಫ್ಟ್‌ವೇರ್ ಹಾಕೋ ಅಧಿಕಾರ ನಿಮಗಿದೆಯಾ?

ಮೊದಲ ಮೂರಕ್ಕೆ ಉತ್ತರ ವಿಂಡೋಸ್‌ನಲ್ಲಿ "ಮೈ ಕಂಪ್ಯೂಟರ್" ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಸಿಗ್ತದೆ. ಇನ್ನು ಕೆಳಗಿನ ಮೂರರಲ್ಲಿ ನಿಮ್ಮದು ಯಾವುದೋ ಅದನ್ನ ಓದಿ.

ಹಳೇ ಕಂಪ್ಯೂಟರ್: ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಗೀನಿ

2 ಜಿಬಿ ರ‍್ಯಾಮಿನ ವಿಂಡೋಸ್ ಮಷೀನ್ ಆಗಿದ್ದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸಾಕು. 2003ರಿಂದ ಇರೋ ಎಡಿಟರ್ ಇದು. ಉಚಿತ, ಮುಕ್ತ ತಂತ್ರಾಂಶ. ಇನ್‌ಸ್ಟಾಲರ್ ಕೆಲವೇ ಎಂಬಿ. ದಿನದ ಡೇಟಾ ಮುಗಿಯೋ ಹೊತ್ತಲ್ಲೂ ಇಳಿಸಿಕೊಳ್ಳಬಹುದು.

ಇದನ್ನ ಮುಂದೆ ಇಡೋಕೆ ಮೂರು ಕಾರಣ.

ಒಂದು, ಇದಕ್ಕೆ ಪೋರ್ಟಬಲ್ ಆವೃತ್ತಿ ಇದೆ. ಜಿಪ್ ಫೈಲ್ ಇಳಿಸಿ ಪೆನ್‌ಡ್ರೈವ್‌ನಲ್ಲಿ ಬಿಚ್ಚಿಟ್ಟುಕೊಂಡರೆ ಯಾವ ಕಂಪ್ಯೂಟರಿಗೆ ಚುಚ್ಚಿದರೂ ನಡೀತದೆ. ಸೆಂಟರಿನವರ ಪಾಸ್‌ವರ್ಡ್ ಬೇಡ. ಎಡಿಟರ್ ಮತ್ತು ನಿಮ್ಮ ಪುಟ ಎರಡೂ ಜೇಬಿನಲ್ಲೇ.

ಎರಡು, ಕರೆಂಟು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ 8 ಘಟಕಗಳ ಸಾಮರ್ಥ್ಯ 1,720 ಮೆಗಾವ್ಯಾಟ್, ಪಕ್ಕದ ಯರಮರಸ್‌ನದು 1,600. ಅಷ್ಟಿದ್ದೂ ಹಳ್ಳಿ ಕಡೆ ಯಾವಾಗ ಕರೆಂಟ್ ಹೋಗ್ತದೆ ಅಂತ ಹೇಳೋಕಾಗಲ್ಲ. ದೀಪದ ಬುಡದ ಕತ್ತಲೆ ನಮಗೆ ಹೊಸದಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಥಟ್ಟನೆ ಸತ್ತುಹೋದರೆ ಬರೆದದ್ದು ಹೋಗಬಾರದು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಸೇವ್ ಮಾಡದ ಫೈಲನ್ನೂ 7 ಸೆಕೆಂಡಿಗೊಮ್ಮೆ ತಾನೇ ಬ್ಯಾಕಪ್ ತೆಗೆದಿಡ್ತದೆ. ಆ ಸೌಲಭ್ಯ ಆನ್ ಇದೆಯಾ ಅಂತ ಪ್ರಿಫರೆನ್ಸಸ್‌ನ ಬ್ಯಾಕಪ್ ಭಾಗದಲ್ಲಿ ಒಮ್ಮೆ ನೋಡ್ಕೊಳ್ಳಿ.

ಮೂರು, ಇದರ ಮೆನುಗಳನ್ನ ಕನ್ನಡದಲ್ಲೇ ನೋಡಬಹುದು. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಯಾರೋ ಕೂತು ಅನುವಾದ ಮಾಡಿ ಕೊಟ್ಟಿದ್ದಾರೆ. ವಿಎಸ್ ಕೋಡ್‌ಗೆ ಮೈಕ್ರೋಸಾಫ್ಟ್ ಕೊಡೋ ಅಧಿಕೃತ ಭಾಷಾ ಪ್ಯಾಕ್‌ಗಳಲ್ಲಿ ಕನ್ನಡ ಇಲ್ಲ.

ಒಂದು ಎಚ್ಚರಿಕೆ. ಯಾವುದೇ ಸಾಫ್ಟ್‌ವೇರನ್ನ ಅದರ ಅಧಿಕೃತ ಜಾಗದಿಂದಲೇ ಇಳಿಸಿ. 2025ರಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಅಪ್‌ಡೇಟ್ ಬರೋ ದಾರಿಯನ್ನೇ ದಾಳಿಕೋರರು ಹಿಡಿದಿದ್ದರು. ಆಮೇಲೆ ತಂಡ ಪರಿಶೀಲನೆ ಬಿಗಿ ಮಾಡಿತು. ಹಳೇ ಆವೃತ್ತಿ ಇದ್ದರೆ ಅಪ್‌ಡೇಟ್ ಬಟನ್ ಒತ್ತಬೇಡಿ. ಹೊಸದನ್ನ ನೇರವಾಗಿ ಇಳಿಸಿ ಹಾಕಿ.

ಮಷೀನ್ ನಿಮ್ಮದೇ ಆಗಿದ್ದರೆ ಇನ್ನೊಂದು ದಾರಿ ಇದೆ. ವಿಂಡೋಸ್ 7 ಬಿಡಿ, ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೇ ಮಷೀನಿಗೆ ಲಿನಕ್ಸ್ ಮಿಂಟ್‌ನ ಹಗುರ ಆವೃತ್ತಿ ಹಾಕಿಕೊಂಡರೆ ಇನ್ನೂ ಕೆಲವು ವರ್ಷ ದುಡೀತದೆ. ಅಲ್ಲಿ ಗೀನಿ ಅನ್ನೋ ಎಡಿಟರ್ ಹಾಕ್ಕೊಳ್ಳಿ. ಹಗುರ, ಕಲಿಯೋಕೆ ಸುಲಭ, ಉಚಿತ.

ಸ್ವಂತ ಲ್ಯಾಪ್‌ಟಾಪ್: ವಿಎಸ್ ಕೋಡ್ ಮತ್ತು ಅದರ ಅಣ್ಣತಮ್ಮಂದಿರು

4 ಜಿಬಿ ಅಥವಾ ಮೇಲೆ, 64 ಬಿಟ್, ವಿಂಡೋಸ್ 10 ಅಥವಾ 11. ರಾಯಚೂರಿನ ಎಂಜಿನಿಯರಿಂಗ್ ಹುಡುಗರ ಹತ್ತಿರ, ಸರ್ಕಾರ ಪದವಿ ಕಾಲೇಜಿನವರಿಗೆ ಕೊಟ್ಟ ಲ್ಯಾಪ್‌ಟಾಪ್ ಸಿಕ್ಕವರ ಹತ್ತಿರ ಇಂಥ ಮಷೀನ್ ಇರ್ತದೆ. ಇವರು ವಿಎಸ್ ಕೋಡ್ ಹಾಕಿಕೊಳ್ಳಬಹುದು.

ಮೈಕ್ರೋಸಾಫ್ಟ್ ಇದನ್ನ 2015ರಲ್ಲಿ ಘೋಷಿಸಿತು. ಸ್ಟ್ಯಾಕ್ ಓವರ್‌ಫ್ಲೋ 2024ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಉತ್ತರಿಸಿದ ಡೆವಲಪರ್‌ಗಳ ಪೈಕಿ ಶೇ 73ಕ್ಕೂ ಹೆಚ್ಚು ಜನ ಇದನ್ನ ಬಳಸ್ತೀವಿ ಅಂದಿದ್ದರು. ಇಷ್ಟು ಜನ ಬಳಸೋದ್ರಿಂದ ಒಂದು ಲಾಭ ಇದೆ. ನಿಮಗೆ ಬಂದ ತೊಂದರೆ ಇನ್ಯಾರಿಗೋ ಬಂದಿರ್ತದೆ, ಉತ್ತರ ಸಿಗ್ತದೆ. ಕೆಲಸಕ್ಕೆ ಹೋದ ಕಡೆಯೂ ಬಹುಮಟ್ಟಿಗೆ ಇದೇ ಇರ್ತದೆ.

ಹಾಕೋಕೆ ಮುಂಚೆ ತಿಳ್ಕೋಬೇಕಾದ್ದು:

• ವಿಂಡೋಸ್ 7ರಲ್ಲಿ ಓಡೋ ಕೊನೆಯ ಆವೃತ್ತಿ 2022ರ 1.70. ವಿಂಡೋಸ್ 8 ಮತ್ತು 8.1ಕ್ಕೆ 1.79. 32 ಬಿಟ್ ವಿಂಡೋಸ್‌ಗೆ 1.83. ಅದಕ್ಕಿಂತ ಹೊಸದು ಆ ಮಷೀನ್‌ಗಳಲ್ಲಿ ನಡೆಯಲ್ಲ. ಮಾನ್ವಿಯ ಹುಡುಗನಿಗೆ ಆಗಿದ್ದು ಇದೇ.

• 1 ಜಿಬಿ ರ‍್ಯಾಮ್ ಸಾಕು ಅಂತ ಕಂಪನಿ ಬರೆದಿದೆ. ನಂಬಬೇಡಿ. ಇದು ಒಳಗಡೆ ಕ್ರೋಮ್ ಬ್ರೌಸರಿನ ಎಂಜಿನ್ ಮೇಲೇ ಓಡೋ ಸಾಫ್ಟ್‌ವೇರ್. ಪಕ್ಕದಲ್ಲಿ ಬ್ರೌಸರ್ ತೆರೆದು ನಾಲ್ಕು ಎಕ್ಸ್‌ಟೆನ್ಷನ್ ಹಾಕಿದರೆ 4 ಜಿಬಿಯೂ ಏದುಸಿರು ಬಿಡ್ತದೆ.

• ಫೈಲ್ ಮೆನುವಿನಲ್ಲಿ "ಆಟೋ ಸೇವ್" ಒತ್ತಿ ಇಡಿ.

• ಖಾಲಿ ಎಚ್‌ಟಿಎಂಎಲ್ ಫೈಲಿನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಹೊಡೆದು ಟ್ಯಾಬ್ ಒತ್ತಿದರೆ ಪುಟದ ಇಡೀ ಅಸ್ಥಿಪಂಜರ ಬರ್ತದೆ. ಎಮ್ಮೆಟ್ ಅನ್ನೋ ಸೌಲಭ್ಯ ಅದು, ಒಳಗೇ ಇರ್ತದೆ.

• ಎಕ್ಸ್‌ಟೆನ್ಷನ್ ಕಂಡಕಂಡದ್ದೆಲ್ಲ ಹಾಕಬೇಡಿ. ಮಾರುಕಟ್ಟೆಯಲ್ಲಿ ಕಳ್ಳ ಎಕ್ಸ್‌ಟೆನ್ಷನ್‌ಗಳು ಸಿಕ್ಕಿಬಿದ್ದ ಉದಾಹರಣೆಗಳಿವೆ. ಶುರುವಿಗೆ ಪುಟವನ್ನ ತಾನೇ ರಿಫ್ರೆಶ್ ಮಾಡಿ ತೋರಿಸೋ ಲೈವ್ ಸರ್ವರ್‌ನಂಥದ್ದು ಒಂದು ಸಾಕು. ಅದೂ ಬೇಡ ಅಂದ್ರೆ ಫೈಲನ್ನ ಬ್ರೌಸರಿನಲ್ಲಿ ತೆರೆದು ಎಫ್5 ಒತ್ತಿ. ಇಂಟರ್ನೆಟ್ಟೇ ಬೇಡ.

ವಿಎಸ್ ಕೋಡಿನ ಮೂಲ ಕೋಡ್ ಮುಕ್ತವಾಗಿದೆ, ಎಂಐಟಿ ಪರವಾನಗಿಯಲ್ಲಿ. ಆದರೆ ನೀವು ಡೌನ್‌ಲೋಡ್ ಮಾಡಿಕೊಳ್ಳೋ ಸಿದ್ಧ ಸಾಫ್ಟ್‌ವೇರ್ ಮೈಕ್ರೋಸಾಫ್ಟಿನ ಸ್ವಂತ ಪರವಾನಗಿಯದ್ದು. ಬಳಕೆಯ ಮಾಹಿತಿಯನ್ನ ಕಂಪನಿಗೆ ಕಳಿಸೋ ವ್ಯವಸ್ಥೆ ಅದರಲ್ಲಿದೆ. ಸೆಟ್ಟಿಂಗ್ಸ್‌ನಲ್ಲಿ ಟೆಲಿಮೆಟ್ರಿ ಅಂತ ಹುಡುಕಿ ಆಫ್ ಮಾಡಬಹುದು. ಅದೂ ಬೇಡ ಅನ್ನೋರಿಗೆ ಅದೇ ಮೂಲ ಕೋಡಿನಿಂದ ಸಮುದಾಯ ಕಟ್ಟಿದ ವಿಎಸ್‌ಕೋಡಿಯಂ ಇದೆ. ನೋಡೋಕೆ, ಬಳಸೋಕೆ ಹೆಚ್ಚುಕಡಿಮೆ ಒಂದೇ. ಆದರೆ ಮೈಕ್ರೋಸಾಫ್ಟಿನ ಎಕ್ಸ್‌ಟೆನ್ಷನ್ ಅಂಗಡಿ ಅದಕ್ಕಿಲ್ಲ, ಓಪನ್ ವಿಎಸ್‌ಎಕ್ಸ್ ಅನ್ನೋ ಬೇರೆ ಅಂಗಡಿ ಇದೆ.

ಸಬ್‌ಲೈಮ್ ಟೆಕ್ಸ್ಟ್ ಬಹಳ ಚುರುಕು, ಆದರೆ ಪರವಾನಗಿಗೆ ದುಡ್ಡು ಕೊಡಬೇಕು. ಪ್ರಯೋಗಕ್ಕೆ ಎಷ್ಟು ದಿನ ಬೇಕಾದರೂ ಬಳಸಬಹುದು. ವೆಬ್‌ಸ್ಟಾರ್ಮ್ 2024ರ ಅಕ್ಟೋಬರಿನಿಂದ ವ್ಯಾಪಾರೇತರ ಬಳಕೆಗೆ ಉಚಿತ. ಆದರೆ ಭಾರ, ಮೊದಲ ಪುಟಕ್ಕೆ ಬೇಕಿಲ್ಲ. ಡ್ರೀಮ್‌ವೀವರ್ ಬಗ್ಗೆ ಹೇಳೋದಾದ್ರೆ, ನಾವು ಎಂಜಿನಿಯರಿಂಗ್ ಓದೋವಾಗ ಕ್ರ್ಯಾಕ್ ಮಾಡಿದ ಕಾಪಿ ಸಿಡಿಯಲ್ಲಿ ಕೈಯಿಂದ ಕೈಗೆ ಓಡಾಡ್ತಿತ್ತು. ಜೊತೆಗೆ ವೈರಸ್ಸೂ ಓಡಾಡ್ತಿತ್ತು. ಇವತ್ತು ಕದಿಯೋ ಅಗತ್ಯವೇ ಇಲ್ಲ.

ಫೋನ್ ಮಾತ್ರ ಇದ್ದರೆ: ಏಕೋಡ್

ದೇವದುರ್ಗದ ಒಬ್ಬ ವಿದ್ಯಾರ್ಥಿನಿ ಕೇಳಿದ್ದು ಇದು: "ಮನ್ಯಾಗ ಕಂಪ್ಯೂಟರ್ ಇಲ್ರಿ, ಫೋನ್‌ನ್ಯಾಗ ಆಗ್ತದೇನ್ರಿ?" ಆಗ್ತದೆ. ಸುಲಭ ಅಂತ ಮಾತ್ರ ಹೇಳಲ್ಲ.

ಆಂಡ್ರಾಯ್ಡ್‌ಗೆ ಏಕೋಡ್ ಅನ್ನೋ ಮುಕ್ತ ತಂತ್ರಾಂಶದ ಎಡಿಟರ್ ಇದೆ. ಫೋನಿನ ಕೀಬೋರ್ಡಿನಲ್ಲಿ ಕೋನಾವರಣ, ಓರೆಗೆರೆ ಹುಡುಕೋದೇ ದೊಡ್ಡ ಕಾಟ. ಏಕೋಡ್ ಅಂಥ ಚಿಹ್ನೆಗಳನ್ನ ಕೀಬೋರ್ಡ್ ಮೇಲೆ ಒಂದು ಸಾಲಿನಲ್ಲಿ ಕೊಡ್ತದೆ. ಪುಟ ಹೇಗೆ ಕಾಣ್ತದೆ ಅಂತ ಒಳಗೇ ನೋಡಬಹುದು. ಸ್ಪೆಕ್ ಅನ್ನೋದು ಇಂಥದ್ದೇ ಇನ್ನೊಂದು ಆ್ಯಪ್.

ಫೋನಿನಲ್ಲಿ ಬರೆಯೋರಿಗೆ ನಾಲ್ಕು ಮಾತು. ಕೀಬೋರ್ಡಿನ ಆಟೋ ಕರೆಕ್ಟ್ ಆರಿಸಿ, ಇಲ್ಲಾಂದ್ರೆ ಅದು ಟ್ಯಾಗಿನ ಹೆಸರನ್ನೇ "ತಿದ್ದಿ" ಕೆಡಿಸ್ತದೆ. ಸಾಲು ಚಿಕ್ಕದಾಗಿ ಮುರಿದು ಬರೀರಿ. ಫೋನ್ ಕಳೆದುಹೋದರೆ ಪುಟವೂ ಹೋಗಬಾರದು ಅಂದ್ರೆ ಫೈಲಿನ ಒಂದು ಪ್ರತಿ ದಿನಾ ನಿಮಗೆ ನೀವೇ ಮೇಲ್ ಮಾಡ್ಕೊಳ್ಳಿ. ಒಂದು ಬ್ಲೂಟೂತ್ ಅಥವಾ ಓಟಿಜಿ ಕೀಬೋರ್ಡ್ ಸಿಕ್ಕರೆ ಅರ್ಧ ಕಷ್ಟ ಕಳೀತದೆ.

ಓದೋರಲ್ಲಿ ಬಹುಪಾಲು ಜನ ಫೋನಿನಲ್ಲೇ ಓದ್ತಾರೆ. ಫೋನಿನಲ್ಲೇ ಬರೆದವರ ಪುಟ ಫೋನಿಗೆ ಸರಿಯಾಗಿ ಕೂರೋ ಸಾಧ್ಯತೆ ಹೆಚ್ಚು. ದೊಡ್ಡ ಪರದೆ ಮುಂದೆ ಕೂತು ಬರೆಯೋರು ಮರೆಯೋ ವಿಷಯ ಅದು.

ವಿಮ್, ಈಮ್ಯಾಕ್ಸ್: ಗೌರವದಿಂದ ದೂರ ಇಡಿ

ಹಾಸ್ಟೆಲಿನಲ್ಲಿ ಯಾರಾದರೂ ಸೀನಿಯರ್ "ನಿಜವಾದ ಪ್ರೋಗ್ರಾಮರ್ ವಿಮ್ ಬಳಸ್ತಾನೆ" ಅಂತ ಹೇಳೇ ಹೇಳ್ತಾರೆ. ಕೇಳಿ, ತಲೆಯಾಡಿಸಿ. 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದ ವಿಮ್ ಬಹಳ ಶಕ್ತಿಶಾಲಿ ಎಡಿಟರ್. ತೀರಾ ದುರ್ಬಲ ಮಷೀನ್‌ನಲ್ಲೂ ಓಡ್ತದೆ. 2023ರಲ್ಲಿ ತೀರಿಹೋದ ಮೂಲೆನಾರ್ ಇದನ್ನ ಉಚಿತವಾಗಿ ಕೊಟ್ಟು, ಇಷ್ಟವಾದರೆ ಉಗಾಂಡಾದ ಅನಾಥ ಮಕ್ಕಳಿಗೆ ನೆರವು ಕೊಡಿ ಅಂತ ಬಳಕೆದಾರರನ್ನ ಕೇಳಿಕೊಂಡಿದ್ದರು. ರಿಚರ್ಡ್ ಸ್ಟಾಲ್ಮನ್‌ರ ಗ್ನೂ ಈಮ್ಯಾಕ್ಸ್ ಇನ್ನೂ ಹಳೆಯದು, 1985ರದ್ದು.

ಆದರೆ ನಮಗೊಂದು ತೊಡಕಿದೆ. ವಿಮ್ ಸಾಮಾನ್ಯವಾಗಿ ಓಡೋದು ಟರ್ಮಿನಲ್‌ನಲ್ಲಿ. ಟರ್ಮಿನಲ್ ಒಂದು ಅಕ್ಷರಕ್ಕೆ ಒಂದು ಚೌಕ ಅಂತ ಲೆಕ್ಕ ಹಾಕ್ತದೆ. ಕನ್ನಡದ ಒತ್ತು, ಗುಣಿತ ಆ ಚೌಕದೊಳಗೆ ಕೂರಲ್ಲ. "ಕೃಷ್ಣಾ" ಅಂತ ಬರೆದರೆ ಎಲ್ಲ ಟರ್ಮಿನಲ್‌ನಲ್ಲೂ ಕೃಷ್ಣಾ ಅಂತಲೇ ಕಾಣೋ ಖಾತ್ರಿ ಇಲ್ಲ. ಕನ್ನಡ ಪುಟ ಬರೆಯೋರು ಮೊದಲ ಎಡಿಟರಾಗಿ ಇದನ್ನ ಆರಿಸೋದು ಬೇಡ.

ಕನ್ನಡದಲ್ಲಿ ಬರೆಯೋರ ನಿಜವಾದ ಕಷ್ಟಗಳು

ಇಂಗ್ಲಿಷ್ ಲೇಖನಗಳಲ್ಲಿ ಸಿಗದ ಭಾಗ ಇದು. ನಿಧಾನವಾಗಿ ಓದಿ.

ಎನ್‌ಕೋಡಿಂಗ್. ವರ್ಷಗಳ ಹಿಂದೆ ನಾನು ಮಾಡಿದ ಮೊದಲ ಕನ್ನಡ ಪುಟ ಸೇವ್ ಮಾಡೋವಾಗ ಒಂದು ಎಚ್ಚರಿಕೆ ಬಂತು. ಓದದೇ ಓಕೆ ಒತ್ತಿದೆ. ಫೈಲ್ "ಆನ್ಸಿ" ಅನ್ನೋ ಹಳೇ ಪದ್ಧತಿಯಲ್ಲಿ ಉಳೀತು. ಮತ್ತೆ ತೆರೆದಾಗ ಇಡೀ ಬರಹದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಅದು ವಾಪಸ್ ಬರಲ್ಲ, ಅಕ್ಷರ ನಿಜಕ್ಕೂ ಅಳಿಸಿಹೋಗಿರ್ತದೆ. ಹಾಗಾಗಿ ಎಡಿಟರ್ ಯಾವುದೇ ಇರಲಿ, ಎನ್‌ಕೋಡಿಂಗ್ "ಯುಟಿಎಫ್-8" ಇರಬೇಕು. ವಿಎಸ್ ಕೋಡ್‌ನಲ್ಲಿ ಕೆಳಗಡೆ ಬಲಕ್ಕೆ ಅದು ಕಾಣ್ತದೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ಎನ್‌ಕೋಡಿಂಗ್ ಅಂತ ಮೆನುವೇ ಇದೆ. ಅಲ್ಲಿ ಮೇಲಿನ ಆಯ್ಕೆಗಳು ಫೈಲನ್ನ ಹೇಗೆ ಓದಬೇಕು ಅಂತ ಹೇಳ್ತವೆ, "ಕನ್ವರ್ಟ್" ಅಂತ ಶುರುವಾಗೋವು ನಿಜವಾಗಿ ಬದಲಾಯಿಸ್ತವೆ. ವಿಂಡೋಸ್‌ನ ಸಾದಾ ನೋಟ್‌ಪ್ಯಾಡ್ 2019ರ ಆವೃತ್ತಿಯಿಂದ ತಾನೇ ಯುಟಿಎಫ್-8 ಬಳಸ್ತದೆ, ಅದಕ್ಕಿಂತ ಹಳೆಯದು ಬಳಸಲ್ಲ. ಇದರ ಜೊತೆ ಪುಟದ ತಲೆಭಾಗದ ಮೆಟಾ ಟ್ಯಾಗಿನಲ್ಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಅಂತ ಬರೆಯೋದನ್ನ ಮರೀಬೇಡಿ.

ನುಡಿ, ಬರಹದ ಹಳೇ ಪಠ್ಯ. ಡಿಟಿಪಿ ಅಂಗಡಿಯಿಂದ, ಕಚೇರಿಯಿಂದ ಸಿಗೋ ಹಳೇ ಫೈಲಿನ ಕನ್ನಡ ಎಷ್ಟೋ ಸಲ ನಿಜವಾದ ಕನ್ನಡ ಸಂಕೇತವಲ್ಲ. ಒಳಗೆ ರೋಮನ್ ಚಿಹ್ನೆಗಳು, ಮೇಲೆ ಕನ್ನಡದ ಫಾಂಟಿನ ಮುಖವಾಡ. ಎಡಿಟರಿಗೆ ಅಂಟಿಸಿದ ತಕ್ಷಣ ಮುಖವಾಡ ಕಳಚಿ ಕಸದಂಥ ಅಕ್ಷರ ಕಾಣ್ತದೆ. ಎಡಿಟರ್ ಕೆಟ್ಟಿಲ್ಲ. ಆ ಪಠ್ಯವನ್ನ ಯೂನಿಕೋಡ್‌ಗೆ ಪರಿವರ್ತಿಸಿ ಅಂಟಿಸಬೇಕು, ಪರಿವರ್ತಕಗಳು ಉಚಿತವಾಗಿ ಸಿಗ್ತವೆ. ಮೊಸರಕಲ್ಲಿನ ಗೋಪಾಲದಾಸರು, ಮಾನ್ವಿಯ ಜಗನ್ನಾಥದಾಸರ ಕೀರ್ತನೆಗಳನ್ನ ಇವತ್ತು ಇಂಟರ್ನೆಟ್‌ನಲ್ಲಿ ಪದ ಹಾಕಿ ಹುಡುಕೋಕೆ ಆಗೋದು ಯಾರೋ ಅವನ್ನ ಯೂನಿಕೋಡ್‌ನಲ್ಲಿ ಕೂರಿಸಿದ್ದಕ್ಕೆ. ಅದೇ ಸರ್ಕಾರಿ ಆದೇಶವೊಂದು ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿದ್ದರೆ ಹುಡುಕಾಟಕ್ಕೆ ಸಿಗೋದು ಕಷ್ಟ. ಇದ್ದೂ ಇಲ್ಲದ ಮಾಹಿತಿ ಅದು.

ಭಾಷೆಯ ಗುರುತು. ಎಮ್ಮೆಟ್ ಕೊಡೋ ಅಸ್ಥಿಪಂಜರದಲ್ಲಿ ಪುಟದ ಭಾಷೆ ಇಂಗ್ಲಿಷ್ ಅಂತ ಇರ್ತದೆ. ಅದನ್ನ "ಕೆಎನ್" ಅಂತ ಬದಲಿಸಿ. ಚಿಕ್ಕ ವಿಷಯ ಅನಿಸಬಹುದು. ಅಂಧರು ಬಳಸೋ ಸ್ಕ್ರೀನ್ ರೀಡರ್ ಯಾವ ಭಾಷೆಯ ದನಿಯಲ್ಲಿ ಓದಬೇಕು ಅಂತ ತಿಳ್ಕೊಳ್ಳೋದು ಈ ಗುರುತಿನಿಂದಲೇ.

ಅಂಕಿಗಳು. ತೋರಿಸೋಕೆ ಕನ್ನಡ ಅಂಕಿ ಬಳಸಿ, ತಪ್ಪಿಲ್ಲ. ಆದರೆ ಲೆಕ್ಕ ಹಾಕೋ ಕಡೆ 0-9 ಬೇಕು. ಜಾವಾಸ್ಕ್ರಿಪ್ಟಿಗೆ "೬" ಒಂದು ಸಂಖ್ಯೆ ಅಲ್ಲ. ಗೇಜಿನ ಸರಾಸರಿ ತೆಗೆಯೋ ಪುಟದಲ್ಲಿ ಇದು ಎಡವೋ ಕಲ್ಲು. ವೇರಿಯಬಲ್‌ಗೆ ಕನ್ನಡದಲ್ಲೇ "ಗೇಜ್" ಅಂತ ಹೆಸರಿಡಬಹುದು, ಜಾವಾಸ್ಕ್ರಿಪ್ಟ್ ಒಪ್ಕೊಳ್ತದೆ. ಫೈಲಿನ ಹೆಸರು ಮಾತ್ರ ರೋಮನ್ ಅಕ್ಷರದಲ್ಲಿಡಿ. ಇಲ್ಲದಿದ್ದರೆ ಲಿಂಕ್ ಹಂಚೋವಾಗ ಶೇಕಡಾ ಚಿಹ್ನೆಗಳ ಉದ್ದ ಬಾಲ ಬರ್ತದೆ.

ಕಾಣದ ಅಕ್ಷರ. "ವೆಬ್‌ಸೈಟ್" ಅನ್ನೋ ಪದದಲ್ಲಿ "ಬ್" ಆದ ಮೇಲೆ "ಸೈ" ಒತ್ತಾಗದ ಹಾಗೆ ತಡೆಯೋ ಒಂದು ಅದೃಶ್ಯ ಸಂಕೇತ ಇರ್ತದೆ. ವಿಎಸ್ ಕೋಡ್‌ನಂಥ ಎಡಿಟರ್ ಇದನ್ನ ಅನುಮಾನದಿಂದ ಪೆಟ್ಟಿಗೆ ಹಾಕಿ ತೋರಿಸಬಹುದು. ಹೆದರಬೇಡಿ, ಅಳಿಸಬೇಡಿ.

ಸಾಲಿನ ಎತ್ತರ. ಕೆಳಗಿನ ಒತ್ತು ಕತ್ತರಿಸಿದಂತೆ ಕಂಡರೆ ಎಡಿಟರ್ ಸೆಟ್ಟಿಂಗ್‌ನಲ್ಲಿ ಸಾಲಿನ ಎತ್ತರ ಹೆಚ್ಚಿಸಿ. ಪುಟದ ಸಿಎಸ್‌ಎಸ್‌ನಲ್ಲೂ ಅಷ್ಟೇ.

ಎಡಿಟರ್ ಸತ್ತರೂ ಫೈಲ್ ಬದುಕಬೇಕು

ಗಿಟ್‌ಹಬ್ 2014ರಲ್ಲಿ ಆಟಮ್ ಅನ್ನೋ ಎಡಿಟರ್ ತಂದಿತು. ಬಹಳ ಜನಪ್ರಿಯ ಆಯ್ತು. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಗಿಟ್‌ಹಬ್ ಕೊಂಡಿತು. ಮೈಕ್ರೋಸಾಫ್ಟಿನ ಹತ್ತಿರ ಆಗಲೇ ವಿಎಸ್ ಕೋಡ್ ಇತ್ತು. 2022ರ ಡಿಸೆಂಬರ್ 15ಕ್ಕೆ ಆಟಮ್ ಮುಚ್ಚಿತು. ಅಡೋಬಿಯ ಬ್ರಾಕೆಟ್ಸ್‌ಗೆ ಕಂಪನಿಯ ಬೆಂಬಲ 2021ರ ಸೆಪ್ಟೆಂಬರ್ 1ಕ್ಕೇ ನಿಂತಿತ್ತು. ಆದರೆ ಆಟಮ್‌ನಲ್ಲಿ ಬರೆದ ಒಂದೇ ಒಂದು ಪುಟವೂ ಅದರ ಜೊತೆ ಸಾಯಲಿಲ್ಲ, ಯಾಕಂದ್ರೆ ಅವೆಲ್ಲ ಸಾದಾ ಪಠ್ಯ. ಮೂಲ ಕೋಡ್ ಮುಕ್ತವಾಗಿದ್ದರಿಂದ ಸಮುದಾಯ ಅದನ್ನೇ ಪಲ್ಸಾರ್ ಅನ್ನೋ ಹೆಸರಲ್ಲಿ ಮುಂದುವರಿಸ್ತಿದೆ.

ಎಡಿಟರಿಗೆ ರಾಜಕೀಯ ಇರಲ್ಲ ಅನ್ನೋರಿಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ತೋರಿಸಿ. ಅದನ್ನ ಕಟ್ಟಿದ ಡಾನ್ ಹೋ ತನ್ನ ಆವೃತ್ತಿಗಳಿಗೆ ನಿಲುವಿನ ಹೆಸರಿಡ್ತಾರೆ. 2015ರಲ್ಲಿ ಶಾರ್ಲಿ ಎಬ್ಡೊ ಪತ್ರಿಕೆ ಮೇಲಿನ ದಾಳಿಯ ನಂತರ ಒಂದು, 2019ರಲ್ಲಿ ಉಯಿಘರ್ ಜನರ ಪರವಾಗಿ ಒಂದು. ಆಮೇಲೆ ಬಂದ ಬೈಗುಳದ ಮಳೆಯನ್ನೂ ತಡ್ಕೊಂಡರು. ನೀವು ಅವರ ನಿಲುವು ಒಪ್ಪಬಹುದು, ಬಿಡಬಹುದು.

ಸರ್ಕಾರದ ನಿಲುವಿಗೂ ಉದಾಹರಣೆ ಇದೆ. ಕೇರಳ ತನ್ನ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವನ್ನ ವರ್ಷಗಳಿಂದ ಲಿನಕ್ಸ್ ಮತ್ತು ಮುಕ್ತ ತಂತ್ರಾಂಶದ ಮೇಲೆ ನಡೆಸ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯೋದೂ ಅದರ ಮೇಲೇ. ಅಲ್ಲಿ ಕನ್ನಡ ಮಕ್ಕಳಿಗೆ ಸಿಗೋದು ಕರ್ನಾಟಕದ ಮಾನ್ವಿ, ದೇವದುರ್ಗದ ಮಕ್ಕಳಿಗೆ ಯಾಕಿಲ್ಲ ಅನ್ನೋದು ನಮ್ಮ ಶಾಸಕರಿಗೆ ಕೇಳಬೇಕಾದ ಪ್ರಶ್ನೆ. ಇದಕ್ಕೆ ಪರವಾನಗಿಯ ದುಡ್ಡು ಬೇಕಿಲ್ಲ, ನಿರ್ಧಾರ ಬೇಕು.

ಎಐ ಇರೋ ಎಡಿಟರ್ ಬೇಕಾ?

ಕೋಪೈಲಟ್, ಕರ್ಸರ್ ಇವೆಲ್ಲ ನೀವು ಹೇಳಿದ್ದನ್ನ ತಾವೇ ಬರೆದುಕೊಡ್ತವೆ. ಕೋಪೈಲಟ್‌ಗೆ 2024ರ ಡಿಸೆಂಬರಿನಿಂದ ಮಿತಿಯುಳ್ಳ ಉಚಿತ ಬಳಕೆಯೂ ಇದೆ. ನನ್ನ ಸಲಹೆ: ಮೊದಲ ಐದು ಪುಟ ಕೈಯಿಂದ ಬರೀರಿ. ಟ್ಯಾಗ್ ಯಾಕೆ ಮುರೀತು ಅಂತ ಗೊತ್ತಾಗೋ ಮಟ್ಟಕ್ಕೆ ಬಂದ ಮೇಲೆ ಎಐ ಒಳ್ಳೇ ಸಹಾಯಕ. ಅದಕ್ಕೆ ಮುಂಚೆ ಅದು ಬರೆದದ್ದು ಸರಿಯೋ ತಪ್ಪೋ ಅಂತ ಹೇಳೋಕೂ ನಿಮಗೆ ಆಗಲ್ಲ. ಇನ್ನೊಂದು ಮಾತು, ನೀವು ಕೊಟ್ಟ ಪಠ್ಯ ಸಾಮಾನ್ಯವಾಗಿ ಕಂಪನಿಯ ಸರ್ವರಿಗೆ ಹೋಗ್ತದೆ. ಫಲಾನುಭವಿಗಳ ಪಟ್ಟಿ, ಆಧಾರ್ ಸಂಖ್ಯೆ, ದೂರು ಕೊಟ್ಟವರ ಹೆಸರು ಇರೋ ಫೈಲನ್ನ ಅದರ ಮುಂದೆ ತೆರೀಬೇಡಿ.

ಒಂದೇ ನೋಟಕ್ಕೆ

• ವಿಂಡೋಸ್ 7, 2 ಜಿಬಿ, ಸೆಂಟರಿನ ಮಷೀನ್: ಪೆನ್‌ಡ್ರೈವ್‌ನಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್.
• ಹಳೇ ಸ್ವಂತ ಕಂಪ್ಯೂಟರ್: ಲಿನಕ್ಸ್ ಮತ್ತು ಗೀನಿ.
• 4 ಜಿಬಿ ಲ್ಯಾಪ್‌ಟಾಪ್: ವಿಎಸ್ ಕೋಡ್, ಎಕ್ಸ್‌ಟೆನ್ಷನ್ ಒಂದೆರಡು. ನಿಧಾನ ಅನಿಸಿದರೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್.
• 8 ಜಿಬಿ ಮೇಲೆ: ವಿಎಸ್ ಕೋಡ್ ಅಥವಾ ವಿಎಸ್‌ಕೋಡಿಯಂ.
• ಫೋನ್ ಮಾತ್ರ: ಏಕೋಡ್.
• ಎಲ್ಲರಿಗೂ: ಯುಟಿಎಫ್-8, ಆಟೋ ಸೇವ್, ದಿನಕ್ಕೊಂದು ಬ್ಯಾಕಪ್.

ಒಂದನ್ನ ಆರಿಸಿ ಮೂರು ತಿಂಗಳು ಬಿಡಬೇಡಿ. ಎಡಿಟರ್ ಬದಲಾಯಿಸ್ತಾ, ಬಣ್ಣದ ಥೀಮ್ ಹುಡುಕ್ತಾ ಕೂತರೆ ಪುಟ ಆಗಲ್ಲ. ಇದನ್ನ ಅನುಭವದಿಂದ ಹೇಳ್ತಿದ್ದೀನಿ.

ಮಾನ್ವಿಯ ಹುಡುಗ ಕೊನೆಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಹಳೇ ಪೆನ್‌ಡ್ರೈವ್ ಒಂದಕ್ಕೆ ಹಾಕ್ಕೊಂಡ. ಪುಟದಲ್ಲಿ ಒಂದು ಕೋಷ್ಟಕ, ಎರಡೇ ಕಾಲಂ: ದಿನಾಂಕ, ಗೇಜ್. ಚಿತ್ರ ಇಲ್ಲ, ಅನಿಮೇಷನ್ ಇಲ್ಲ. ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಏರಿಸಿದ. ಮೊದಲ ದಿನ ಲಿಂಕ್ ಕಳಿಸಿ ಕೇಳಿದ, "ಅಣ್ಣಾ, ಭಾಳ ಸಾದಾ ಆಯ್ತೇನ್ರಿ?"

ಇಲ್ಲಪ್ಪಾ. ಕಳೆದ ವಾರ ನೀರು ಯಾವ ದಿನ ಇಳೀತು ಅಂತ ಕೇಳಿದರೆ ಈಗ ತೋರಿಸೋಕೆ ಒಂದು ಪುಟ ಇದೆ. ನಾಳೆ ಮರೀದೇ ಮುಂದಿನ ಸಾಲು ಸೇರಿಸು.